ಕುದುರೆಯ ಗೊರಸಿನ ನಿತ್ಯಪಾಲನೆ

(ಗ್ರಾಮದ ಜಮೀನುದಾರರ ಮತ್ತು ಪಟೇಲರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಸಂತೆಯಲ್ಲಿ ಕುದುರೆಯನ್ನು ಕೊಳ್ಳಹೋಗುವವರು ಮೊದಲು ಅದರ ಬಣ್ಣವನ್ನು ನೋಡುತ್ತಾರೆ. ಆಮೇಲೆ ಸುಳಿಗಳ ಶುಭಾಶುಭಗಳನ್ನು ವಿಚಾರಿಸುತ್ತಾರೆ. ಬಾಯಿ ತೆರೆಸಿ ಹಲ್ಲುಗಳಿಂದ ವಯಸ್ಸನ್ನು ಗೊತ್ತುಮಾಡಿಕೊಳ್ಳುತ್ತಾರೆ. ನಾಲ್ಕು ಕಾಲುಗಳನ್ನೂ ಒಂದೊಂದಾಗಿ ಎತ್ತಿ ಗೊರಸಿನ ತಳವನ್ನು ನೋಡುವವರು ಬಹಳ ಸ್ವಲ್ಪ ಮಂದಿ. ಕೊಂಡ ಮೇಲಾದರೂ ನೋಡುವರೋ ಎಂದರೆ ಅದೂ ಅಪರೂಪವೇ. ಹೊಳೆಯುವಂತೆ ಮೈ ಉಜ್ಜಿಸುವರು. ಹುರುಳಿಯನ್ನು ಬೇಯಿಸಿ ಹಾಕಿಸುವರು. ಹಬ್ಬದ ದಿನ ಕೊರಳಿಗೆ ಗೆಜ್ಜೆಯನ್ನು ಕಟ್ಟಿಸುವರು. ಆದರೆ ಇಷ್ಟೆಲ್ಲ ಭಾರವನ್ನು ಹೊತ್ತು ನಿಂತಿರುವ ಗೊರಸುಗಳು ಲದ್ದಿಯಲ್ಲಿಯೂ ಕೆಸರಿನಲ್ಲಿಯೂ ಹೂತಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಸುಳಿ ಎಷ್ಟು ಒಳ್ಳೆಯದಾದರೂ ಕುಂಟುವ ಕುದುರೆಯಿಂದ ಸವಾರಿಯೂ ಆಗದು, ಗಾಡಿಯೂ ಸಾಗದು.

ಈ ಉಪನ್ಯಾಸದ ತಾತ್ಪರ್ಯವು ಒಂದೇ. ಗೊರಸಿನ ಕೇಡುಗಳಲ್ಲಿ ಬಹುಭಾಗವು, ಮೊದಲನೆಯ ದಿನವೇ ಕಂಡುಹಿಡಿದರೆ, ಒಂದು ಕೊಕ್ಕೆಯಿಂದಲೂ ಒಂದು ಹೊರೆ ಒಣಹುಲ್ಲಿನಿಂದಲೂ ನಿವಾರಣೆಯಾಗತಕ್ಕದ್ದು. ಹತ್ತನೆಯ ದಿನ ಕಂಡರೆ ವೈದ್ಯರ ಕತ್ತಿಗೂ ಕಷ್ಟವಾಗತಕ್ಕದ್ದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಏಕೆಂದರೆ ಗೊರಸೆಂಬುದು ಕುದುರೆಯ ಉಗುರೇ.

ಗೊರಸಿನ ರಚನೆ

ಮನುಷ್ಯನ ನಡುಬೆರಳು ಇರುವ ಸ್ಥಾನದಲ್ಲಿ ಕುದುರೆಗೆ ಒಂದೇ ಒಂದು ಬೆರಳಿದೆ. ಆ ಬೆರಳಿನ ತುದಿಯ ಮೇಲೆಯೇ ಅದು ನಿಲ್ಲುವುದು, ನಡೆಯುವುದು, ಓಡುವುದು. ಆ ತುದಿಯನ್ನು ಸುತ್ತಲೂ ಕವಿದುಕೊಂಡಿರುವ ಉಗುರೇ ಗೊರಸು. ಜನರು ಮುಂಗಾಲಿನ ಮಂಡಿಯೆಂದು ಕರೆಯುವ ಕೀಲು ನಿಜವಾಗಿ ಅದರ ಮಣಿಕಟ್ಟು. ದೇಹದ ಭಾರದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಮುಂಗಾಲುಗಳ ಮೇಲೆ ಬೀಳುವುದರಿಂದ ಕುಂಟು ಮುಂಗಾಲುಗಳಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಕಾಲನ್ನು ಎತ್ತಿ ನೋಡಿದರೆ ನಾಲ್ಕು ಭಾಗಗಳು ಸ್ಪಷ್ಟವಾಗಿ ಕಾಣುವುವು. ಸುತ್ತಲೂ ಇರುವುದು ಗಟ್ಟಿಯಾದ ಹೊರಗೋಡೆ. ಒಳಗೆ ಸ್ವಲ್ಪ ತಗ್ಗಾಗಿರುವುದು ಅಂಗಾಲು. ಗೋಡೆಯೂ ಅಂಗಾಲೂ ಕೂಡುವಲ್ಲಿ ತೆಳುವಾದ ಒಂದು ಬಿಳಿಗೆರೆ ಇದೆ. ಹಿಮ್ಮಡಿಯಿಂದ ಮುಂದಕ್ಕೆ ಮೂರು ಮೂಲೆಯಾಗಿ ಚಾಚಿಕೊಂಡು, ಒತ್ತಿದರೆ ರಬ್ಬರಿನಂತೆ ಬಗ್ಗುವ ಭಾಗವನ್ನು ಇಲ್ಲಿ ಮೆತ್ತೆಯೆಂದು ಕರೆಯಬಹುದು. ಮೆತ್ತೆಯ ನಡುವೆ ಒಂದು ಸೀಳೂ, ಅದರ ಎರಡು ಪಕ್ಕಗಳಲ್ಲಿ ಎರಡು ಆಳವಾದ ಕಾಲುವೆಗಳೂ ಇರುತ್ತವೆ. ಕೊಳೆಯೆಲ್ಲ ಸೇರಿಕೊಳ್ಳುವುದು ಈ ಕಾಲುವೆಗಳಲ್ಲಿಯೇ.

ಹೊರಗೋಡೆಗೆ ನೋವು ತಿಳಿಯದು. ಆದುದರಿಂದಲೇ ಅದಕ್ಕೆ ಮೊಳೆ ಹೊಡೆಯಲು ಸಾಧ್ಯವಾಗಿದೆ. ಆದರೆ ಅದರೊಳಗೆ ರಕ್ತವೂ ನರಗಳೂ ತುಂಬಿದ ಜೀವಂತ ಭಾಗವಿದೆ. ಸುಮಾರು ೫೫೦ರಿಂದ ೬೦೦ ತೆಳು ಪದರಗಳು ಒಂದರೊಳಗೊಂದು ಹೆಣೆದುಕೊಂಡು, ಒಳಗಿನ ಎಲುಬನ್ನು ಹೊರಗೋಡೆಗೆ ಅಂಟಿಸಿ ಹಿಡಿದಿವೆ. ಕುದುರೆಯ ಇಡೀ ಭಾರವು ಈ ಹೆಣಿಗೆಯಿಂದ ತೂಗುಬಿದ್ದಂತೆ ಇರುತ್ತದೆ. ಒಂದೊಂದು ಹೆಜ್ಜೆಗೂ ಹಿಮ್ಮಡಿಯು ಸ್ವಲ್ಪ ಅಗಲವಾಗಿ ಮತ್ತೆ ಕೂಡಿಕೊಳ್ಳುವುದರಿಂದ ಪೆಟ್ಟಿನ ಬಿರುಸು ತಗ್ಗುವುದಲ್ಲದೆ, ರಕ್ತವು ಕಾಲಿನಿಂದ ಮೇಲಕ್ಕೆ ಹಿಂತಿರುಗಲು ಸಹಾಯವಾಗುತ್ತದೆ.

ಗೊರಸು ಕೂದಲಂಚಿನಿಂದ ಕೆಳಕ್ಕೆ ತಿಂಗಳಿಗೆ ಸುಮಾರು ಕಾಲು ಅಂಗುಲದಿಂದ ಮೂರರ ಎಂಟು ಅಂಗುಲದಷ್ಟು ಬೆಳೆಯುತ್ತದೆ. ಈ ಲೆಕ್ಕದಂತೆ ಮುಂಭಾಗದ ಗೋಡೆಯು ಪೂರ್ತಿಯಾಗಿ ಹೊಸದಾಗಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಈ ವರ್ಷದ ಯುಗಾದಿಯಲ್ಲಿ ಕೆಟ್ಟ ಗೊರಸು ಸರಿಯಾಗಿ ಬೆಳೆದು ಬರಬೇಕಾದರೆ ಮುಂದಿನ ಯುಗಾದಿಯನ್ನೇ ಕಾಯಬೇಕೆಂಬುದನ್ನು ಜ್ಞಾಪಕದಲ್ಲಿಡತಕ್ಕದ್ದು.

ನಿತ್ಯವೂ ಮಾಡತಕ್ಕ ಶುದ್ಧಿ

ಪ್ರತಿದಿನವೂ ಬೆಳಿಗ್ಗೆ ಕುದುರೆಯನ್ನು ಕೆಲಸಕ್ಕೆ ಹೂಡುವ ಮೊದಲೊಮ್ಮೆ, ಸಂಜೆ ಕೆಲಸದಿಂದ ಬಂದ ಮೇಲೊಮ್ಮೆ ನಾಲ್ಕು ಗೊರಸುಗಳನ್ನೂ ಎತ್ತಿ ಕೆರೆದು ನೋಡತಕ್ಕದ್ದು. ಕೆಲಸವಿಲ್ಲದೆ ಲಾಯದಲ್ಲಿ ನಿಂತಿರುವ ದಿನವೂ ಈ ನಿಯಮವನ್ನು ಬಿಡಕೂಡದು. ಇದಕ್ಕೆ ಐದು ನಿಮಿಷಗಳು ಸಾಕು. ಬೇಕಾದ ಸಾಧನಗಳು ಎರಡೇ: ಮೊಂಡು ತುದಿಯ ಕಬ್ಬಿಣದ ಕೊಕ್ಕೆ ಒಂದು, ಗಡುಸಾದ ಕುಂಚ ಒಂದು. ಕೊಕ್ಕೆಯನ್ನು ಊರಿನ ಕಮ್ಮಾರನೇ ಮಾಡಿಕೊಡಬಲ್ಲನು. ಚೂರಿಯನ್ನಾಗಲಿ ಕುಡುಗೋಲಿನ ತುದಿಯನ್ನಾಗಲಿ ಎಂದಿಗೂ ಉಪಯೋಗಿಸಕೂಡದು.

ಕಾಲೆತ್ತುವ ಕ್ರಮ ಹೀಗೆ: ಕುದುರೆಗೆ ತಿಳಿಯುವಂತೆ ಮಾತನಾಡಿಸುತ್ತ ಅದರ ಹೆಗಲಿನ ಕಡೆಯಿಂದ ಹತ್ತಿರಕ್ಕೆ ಹೋಗಬೇಕು. ಮುಖವು ಕುದುರೆಯ ಬಾಲದ ಕಡೆಗಿರುವಂತೆ ನಿಂತು, ಕೈಯನ್ನು ಹೆಗಲಿನಿಂದ ಕೆಳಕ್ಕೆ ಸವರುತ್ತ ಬಂದು, ಗೊರಸಿನ ಮೇಲಣ ಗಿಣ್ಣಿನ ಹಿಂಭಾಗವನ್ನು ಮೆಲ್ಲನೆ ಅದುಮಿದರೆ ಅದು ತಾನಾಗಿಯೇ ಕಾಲನ್ನು ಕೊಡುತ್ತದೆ. ಹಿಂಗಾಲನ್ನು ಎತ್ತುವಾಗ ಒಂದು ಕೈಯನ್ನು ಸೊಂಟದ ಮೇಲಿಟ್ಟು, ಮೈಗೆ ಒತ್ತಿಕೊಂಡೇ ನಿಲ್ಲಬೇಕು. ದೂರ ನಿಂತವನಿಗೆ ಬೀಳುವ ಒದೆತ ಬಲವಾದದ್ದು. ನೆಲದ ಮೇಲೆ ಕುಳಿತುಕೊಂಡಾಗಲಿ ಮಂಡಿಯೂರಿಯಾಗಲಿ ಈ ಕೆಲಸವನ್ನು ಮಾಡಬಾರದು. ಮರಿಯಾಗಿದ್ದಾಗಿನಿಂದಲೇ ದಿನವೂ ಕಾಲು ಮುಟ್ಟಿ ಎತ್ತುವ ರೂಢಿಯನ್ನು ಮಾಡಿಸಿದರೆ ದೊಡ್ಡದಾದ ಮೇಲೆ ಹಗ್ಗ ಕಟ್ಟಿ ಎಳೆದಾಡುವ ಕಷ್ಟವಿರುವುದಿಲ್ಲ.

ಕೊಕ್ಕೆಯನ್ನು ಹಿಮ್ಮಡಿಯ ಕಡೆಯಿಂದ ಮುಂತುದಿಯ ಕಡೆಗೆ ಎಳೆಯತಕ್ಕದ್ದು. ತಿರುಗುಮುರುಗಾಗಿ ಎಳೆದರೆ ಕೊಕ್ಕೆಯ ತುದಿ ಮೆತ್ತೆಗೆ ಚುಚ್ಚಿಕೊಳ್ಳಬಹುದು. ಮೆತ್ತೆಯ ಎರಡು ಪಕ್ಕದ ಕಾಲುವೆಗಳನ್ನೂ ನಡುವಿನ ಸೀಳನ್ನೂ ಬಿಡಿಸಿ ತೆಗೆದು, ಕುಂಚದಿಂದ ಉಜ್ಜಿ, ಆಮೇಲೆ ಐದು ಸಂಗತಿಗಳನ್ನು ನೋಡಬೇಕು: ಕಲ್ಲು, ಮುಳ್ಳು, ಮೊಳೆ ಏನಾದರೂ ನಾಟಿದೆಯೇ, ದುರ್ವಾಸನೆ ಇದೆಯೇ, ಗೋಡೆಯಲ್ಲಿ ಬಿರುಕಿದೆಯೇ, ಲಾಳ ಸಡಿಲವಾಗಿದೆಯೇ, ಗೊರಸನ್ನು ಅಂಗೈಯಿಂದ ಮುಟ್ಟಿದರೆ ಮಿಕ್ಕ ಮೂರಕ್ಕಿಂತ ಬಿಸಿಯಾಗಿದೆಯೇ. ಗಿಣ್ಣಿನ ಹಿಂಭಾಗದ ಎರಡು ಪಕ್ಕಗಳಲ್ಲಿ ಬೆರಳಿಟ್ಟರೆ ನಾಡಿ ಸಿಕ್ಕುತ್ತದೆ. ಆರೋಗ್ಯವಾದ ಕಾಲಿನಲ್ಲಿ ಅದು ಬಹಳ ಮೆಲ್ಲಗಿರುತ್ತದೆ. ಒಂದು ಕಾಲಿನಲ್ಲಿ ಮಾತ್ರ ಅದು ಬಲವಾಗಿ ಬಡಿಯುತ್ತಿದ್ದರೆ ಆ ಗೊರಸಿನೊಳಗೆ ಕೇಡು ಸೇರಿದೆಯೆಂದು ತಿಳಿಯಬೇಕು. ಸುಖವಾಗಿದ್ದಾಗಲೇ ಇವನ್ನೆಲ್ಲ ಮುಟ್ಟಿ ಅಭ್ಯಾಸಮಾಡಿಕೊಂಡವನಿಗೆ ಮಾತ್ರ ಕಷ್ಟಕಾಲದ ವ್ಯತ್ಯಾಸವು ಗೊತ್ತಾಗುವುದು.

ಲಾಯದ ನೆಲ

ಕುದುರೆಯು ದಿನದ ಬಹುಭಾಗವನ್ನು ನಿಂತುಕೊಂಡೇ ಕಳೆಯುವುದರಿಂದ ನಿಲ್ಲುವ ನೆಲವು ಒಣಗಿರುವುದು ಮುಖ್ಯ. ನೆಲವು ಸುತ್ತಣ ಭೂಮಿಗಿಂತ ಸ್ವಲ್ಪ ಎತ್ತರವಾಗಿ, ಮೂತ್ರವು ಹರಿದುಹೋಗುವಂತೆ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ಲದ್ದಿಯನ್ನು ದಿನಕ್ಕೆ ಎರಡು ಸಲವಾದರೂ ತೆಗೆಯತಕ್ಕದ್ದು. ನೆನೆದ ಹಾಸುಹುಲ್ಲನ್ನು ದಿನವೂ ತೆಗೆದು ಬಿಸಿಲಿನಲ್ಲಿ ಹರಡಿ, ಕೊಳೆತದ್ದನ್ನು ಗೊಬ್ಬರದ ಗುಂಡಿಗೆ ಸೇರಿಸತಕ್ಕದ್ದು. ಇದರಿಂದ ಗೊರಸೂ ಉಳಿಯುತ್ತದೆ, ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಮೇಲೆ ಮಾತ್ರ ಹೊಸ ಹುಲ್ಲನ್ನು ಹರಡಿ ಕೆಳಗಿನ ಕೊಳಕನ್ನು ಮುಚ್ಚುವುದು ಕಣ್ಣಿಗೆ ಚೆಂದ, ಕಾಲಿಗೆ ಅಪಾಯ. ಕೈಹಿಡಿ ಹುಲ್ಲನ್ನು ತೆಗೆದು ಹಿಂಡಿದಾಗ ಅಂಗೈಗೆ ತೇವ ಹತ್ತಿದರೆ ಅಂಥ ಹಾಸು ಹಾಸಲ್ಲ.

ಕತ್ತರಿಸುವುದು ಮತ್ತು ಲಾಳ ಕಟ್ಟುವುದು

ಆರು ವಾರಗಳಿಂದ ಎಂಟು ವಾರಗಳಿಗೊಮ್ಮೆ ಬೆಳೆದ ಗೊರಸನ್ನು ಕತ್ತರಿಸಿ ಅರದಿಂದ ಸಮಮಾಡಿಸಬೇಕು. ಲಾಳವಿದ್ದ ಕುದುರೆಯ ವಿಷಯದಲ್ಲಿ ಆರು ವಾರಗಳನ್ನು ಮೀರದಿರುವುದು ಲೇಸು. ಲಾಳವಿನ್ನೂ ಸವೆದಿಲ್ಲವೆಂದು ಮೂರು ನಾಲ್ಕು ತಿಂಗಳು ಹಾಗೆಯೇ ಬಿಡುವುದು ಅನೇಕರ ರೂಢಿ. ಲಾಳವು ಸವೆಯದಿದ್ದರೂ ಗೊರಸು ಬೆಳೆಯುವುದು ನಿಲ್ಲದು. ಮುಂತುದಿಯು ಉದ್ದವಾಗಿ, ಹಿಮ್ಮಡಿ ಕುಸಿದು, ಕಾಲಿನ ಹಿಂಬದಿಯ ನರವೆಂದು ಜನರು ಕರೆಯುವ ದಪ್ಪ ಹುರಿಯ ಮೇಲೆ ಎಳೆತ ಬೀಳುತ್ತದೆ. ಪಕ್ಕದಿಂದ ನೋಡಿದಾಗ ಗೊರಸಿನ ಮುಂಭಾಗದ ಗೆರೆಯೂ ಅದರ ಮೇಲಣ ಕಾಲಿನ ಗೆರೆಯೂ ಒಂದೇ ಓರೆಯಾಗಿದ್ದರೆ ಗೊರಸು ಸರಿಯಾಗಿದೆಯೆಂದು ತಿಳಿಯಬಹುದು.

ಎಲ್ಲ ಕುದುರೆಗಳಿಗೂ ಲಾಳ ಬೇಕೆಂಬುದಿಲ್ಲ. ಹೊಲಗದ್ದೆಗಳ ಮೆತ್ತನೆಯ ದಾರಿಯಲ್ಲಿ ಮಾತ್ರ ನಡೆಯುವ ತಟ್ಟುಗಳು ಗೊರಸು ಗಟ್ಟಿಯಾಗಿದ್ದರೆ ಬರಿಗಾಲಿನಲ್ಲಿಯೇ ಸುಖವಾಗಿರಬಹುದು. ಜಲ್ಲಿ ರಸ್ತೆಯಲ್ಲಿಯೂ ಟಾರು ರಸ್ತೆಯಲ್ಲಿಯೂ ಭಾರವನ್ನು ಎಳೆಯುವ ಜಟಕಾ ಕುದುರೆಗೆ ಲಾಳ ಅವಶ್ಯ. ಲಾಳ ಕಟ್ಟಿಸುವಾಗ ಯಜಮಾನನು ಎದುರಿನಲ್ಲಿ ನಿಂತು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದು, ಗೊರಸಿನ ಅಳತೆಗೆ ಲಾಳವನ್ನು ಬಗ್ಗಿಸಬೇಕೇ ಹೊರತು ಸಿದ್ಧವಾಗಿರುವ ಲಾಳದ ಅಳತೆಗೆ ಗೊರಸನ್ನು ಕೆತ್ತಕೂಡದು. ಎರಡನೆಯದು, ಅಂಗಾಲನ್ನೂ ಮೆತ್ತೆಯನ್ನೂ ಚೆಂದಕ್ಕಾಗಿ ತೆಳ್ಳಗೆ ಸವರಕೂಡದು. ಹರಿದು ಜೋಲುವ ಸತ್ತ ಭಾಗವನ್ನು ಮಾತ್ರ ತೆಗೆಯಬೇಕು. ಮೂರನೆಯದು, ಮೊಳೆಗಳು ಬಿಳಿಗೆರೆಯ ಹೊರಗೆ, ಗೋಡೆಯಲ್ಲಿಯೇ ಹೋಗಬೇಕು. ಒಳಕ್ಕೆ ಸರಿದರೆ ಜೀವಂತ ಭಾಗಕ್ಕೆ ನಾಟುವುವು. ನಾಲ್ಕನೆಯದು, ಹಿಮ್ಮಡಿಯ ಹತ್ತಿರ ಮೊಳೆ ಹೊಡೆಯಕೂಡದು. ಅಲ್ಲಿ ಗೊರಸು ಅಗಲವಾಗಲು ಎಡೆಯಿರಬೇಕು. ಐದನೆಯದು, ಹೊರಗೋಡೆಯ ಮೇಲ್ಮೈಯನ್ನು ಹೊಳಪಿಗಾಗಿ ಅರದಿಂದ ಉಜ್ಜಕೂಡದು. ಲಾಳ ಕಟ್ಟಿಸಿದ ಒಂದೆರಡು ದಿನಗಳಲ್ಲಿ ಕುದುರೆ ಕುಂಟಿದರೆ ಮೊಳೆ ನಾಟಿರಬಹುದೆಂದು ಸಂಶಯಪಟ್ಟು, ಕಟ್ಟಿದವನನ್ನು ಒಡನೆಯೇ ಕರೆಸಿ ಮೊಳೆಯನ್ನು ತೆಗೆಸಿ, ವೈದ್ಯರಿಗೆ ತೋರಿಸಬೇಕು. ಹಾಗೆ ಕರೆಸುವಾಗ ಅವನ ಮೇಲೆ ಬೈಗುಳ ಸುರಿಸುವುದರಿಂದ ಪ್ರಯೋಜನವಿಲ್ಲ. ನಿಪುಣನ ಕೈಯಿಂದಲೂ ಒಮ್ಮೊಮ್ಮೆ ಮೊಳೆ ತಪ್ಪುವುದುಂಟು. ತಪ್ಪನ್ನು ಒಪ್ಪಿಕೊಂಡು ಓಡಿಬರುವವನು ಬಚ್ಚಿಡುವವನಿಗಿಂತ ಮೇಲು.

ಲಾಳ ಕಟ್ಟುವವರಿಲ್ಲದ ನಾಡಿನಲ್ಲಿ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ೧೩ನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ದೇಶವನ್ನು ಕಂಡ ವೆನಿಸ್ ನಗರದ ಮಾರ್ಕೊ ಪೋಲೊ ಎಂಬ ಪ್ರವಾಸಿಯು ಪಾಂಡ್ಯರ ಕರಾವಳಿಯ ವಿಷಯವಾಗಿ ಹೇಳಿರುವುದೇನೆಂದರೆ: ಅಲ್ಲಿಯ ಅರಸರು ಪ್ರತಿವರ್ಷವೂ ಸಮುದ್ರದಾಚೆಯಿಂದ ಸಾವಿರಾರು ಕುದುರೆಗಳನ್ನು ಬಹಳ ಬೆಲೆ ಕೊಟ್ಟು ತರಿಸುತ್ತಿದ್ದರು; ಅವುಗಳನ್ನು ಸಾಕುವ ಕ್ರಮವೂ ಅಲ್ಲಿ ತಿಳಿದಿರಲಿಲ್ಲ, ಲಾಳ ಕಟ್ಟಿ ಶುಶ್ರೂಷೆಮಾಡುವವರೂ ಇರಲಿಲ್ಲ; ಆದುದರಿಂದ ವರ್ಷ ತುಂಬುವುದರೊಳಗೆ ಬಹುಪಾಲು ಸತ್ತುಹೋಗುತ್ತಿದ್ದುವು. ಅಂಥ ಕುಶಲಿಗಳು ಆ ದೇಶಕ್ಕೆ ಹೋಗದಂತೆ ಕುದುರೆಯ ವರ್ತಕರೇ ತಡೆಯುತ್ತಿದ್ದರಂತೆ. ಸತ್ತಷ್ಟೂ ಅವರಿಗೆ ವ್ಯಾಪಾರ. ಪ್ರವಾಸಿಯ ಮಾತಿನಲ್ಲಿ ಅತಿಶಯವಿರಬಹುದು. ಆದರೂ ಕುದುರೆಯನ್ನು ಕೊಳ್ಳುವ ಹಣಕ್ಕಿಂತ ಅದನ್ನು ನೋಡಿಕೊಳ್ಳುವ ತಿಳಿವಳಿಕೆಯೇ ದೊಡ್ಡ ಐಶ್ವರ್ಯವೆಂಬ ನೀತಿಯಲ್ಲಿ ಅತಿಶಯವಿಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ೧೯೧೮ನೆಯ ಇಸವಿ ಸೆಪ್ಟೆಂಬರ್ ೨೩ರಂದು, ಮೊದಲನೆಯ ಮಹಾಯುದ್ಧದಲ್ಲಿ, ಹೈಫಾ ಪಟ್ಟಣವನ್ನು ಜೋಧಪುರದ ಅಶ್ವದಳದೊಡನೆ ಕೂಡಿ ವಶಪಡಿಸಿಕೊಂಡವರು ಮೈಸೂರು ಲ್ಯಾನ್ಸರ್ಸ್ ದಳದ ಸವಾರರು. ಅವರಲ್ಲಿ ಒಂದು ತುಕಡಿಯವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನೇರಿ ಅಲ್ಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಅಂಥ ದಾರಿಯಲ್ಲಿ ಸವಾರನ ಶೌರ್ಯವು ಎಷ್ಟು ದೊಡ್ಡದಾದರೂ ಅವನನ್ನು ಹೊತ್ತು ಹತ್ತಿದುವು ಕುದುರೆಯ ಗೊರಸುಗಳೇ.

ಮಳೆಗಾಲ ಮತ್ತು ಬೇಸಗೆ

ಮಲೆನಾಡಿನಲ್ಲಿ ಮಳೆಯ ತಿಂಗಳುಗಳೂ, ಬಯಲುಸೀಮೆಯಲ್ಲಿ ಬಿರುಬೇಸಗೆಯೂ ಗೊರಸಿಗೆ ಪರೀಕ್ಷೆಯ ಕಾಲಗಳು. ಸದಾ ನೀರಿನಲ್ಲಿದ್ದ ಗೊರಸು ಮೆತ್ತಗಾಗಿ ಮೊಳೆಗಳನ್ನು ಹಿಡಿದುಕೊಳ್ಳಲಾರದು. ಸದಾ ಒಣಗಿದ್ದದ್ದು ಬಿರುಸಾಗಿ ಸೀಳುತ್ತದೆ. ಇವೆರಡಕ್ಕಿಂತಲೂ ಕೆಟ್ಟದ್ದು ದಿನಕ್ಕೆ ಹಲವು ಸಲ ನೆನೆಯುವುದೂ ಒಣಗುವುದೂ. ಆದುದರಿಂದ ಕಾಲನ್ನು ಪದೇಪದೇ ತೊಳೆಯುವುದಕ್ಕಿಂತ ಒಣಗಿದ ಕೆಸರನ್ನು ಕುಂಚದಿಂದ ಉದುರಿಸುವುದು ಮೇಲು. ತೊಳೆದರೆ ಬಟ್ಟೆಯಿಂದಾಗಲಿ ಹುಲ್ಲಿನಿಂದಾಗಲಿ ಹಿಮ್ಮಡಿಯ ಗುಳಿಯನ್ನು ಚೆನ್ನಾಗಿ ಒರಸಬೇಕು.

ಗೊರಸಿಗೆ ಎಣ್ಣೆ ಹಚ್ಚುವುದೇ ಪಾಲನೆಯೆಂದು ಕೆಲವರು ನಂಬಿರುತ್ತಾರೆ. ಶುದ್ಧವಾದ, ಒಣಗಿದ ಗೊರಸಿಗೆ ಬೇಸಗೆಯಲ್ಲಿ ತೆಳ್ಳಗೆ ಎಣ್ಣೆ ಸವರುವುದರಿಂದ ಕೆಡುಕಿಲ್ಲ; ಆದರೆ ಕೊಳಕಿನ ಮೇಲೆ ಹಚ್ಚಿದ ಎಣ್ಣೆಯು ಕೊಳಕನ್ನು ಒಳಗಿಟ್ಟು ಬೀಗ ಹಾಕಿದಂತಾಗುತ್ತದೆ. ಮೋಟಾರಿನಿಂದ ತೆಗೆದ ಹಳೆಯ ಎಣ್ಣೆಯನ್ನು ಎಂದಿಗೂ ಹಚ್ಚಕೂಡದು. ಗೊರಸಿನ ಬಲವು ಒಳಗಿನಿಂದ, ಮೇವಿನಿಂದಲೂ ನಡೆದಾಟದಿಂದಲೂ ಬರತಕ್ಕದ್ದು.

ಸಾಮಾನ್ಯವಾದ ಕೇಡುಗಳು

೧. ಮೆತ್ತೆ ಕೊಳೆಯುವುದು: ಮೆತ್ತೆಯ ಕಾಲುವೆಗಳಲ್ಲಿ ಕಪ್ಪಾದ ಜಿನುಗು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಗಾಳಿಯಿಲ್ಲದ ಕೊಳಕಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದ ಇದು ಉಂಟಾಗುತ್ತದೆ. ನೆಲವನ್ನು ಒಣಗಿಸುವುದೇ ಇದಕ್ಕೆ ಮೊದಲನೆಯ ಔಷಧ. ದಿನವೂ ಕೆರೆದು, ಉಜ್ಜಿ, ಒರಸಿ, ಅಯೊಡಿನ್ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಕಾಲುವೆಗಳಲ್ಲಿ ಆಡಿಸಬೇಕು. ಸತ್ತ ಭಾಗವನ್ನು ವೈದ್ಯರೇ ತೆಗೆಯಬೇಕು. ಮೈಲುತುತ್ತದ ಪುಡಿಯನ್ನು ಹಸಿಗಾಯಕ್ಕೆ ತುಂಬುವ ರೂಢಿಯುಂಟು. ಅದು ಜೀವಂತ ಭಾಗವನ್ನೂ ಸುಡುವುದರಿಂದ ವೈದ್ಯರನ್ನು ಕೇಳದೆ ಮಾಡಬಾರದು.

೨. ಕೀವುಗಟ್ಟುವುದು: ನಿನ್ನೆ ಚೆನ್ನಾಗಿದ್ದ ಕುದುರೆಯು ಇಂದು ಒಂದು ಕಾಲನ್ನು ಊರಲಾರದೆ ತುದಿಯ ಮೇಲೆ ನಿಲ್ಲುತ್ತದೆ. ಗೊರಸು ಬಿಸಿಯಾಗಿರುತ್ತದೆ, ನಾಡಿ ಬಲವಾಗಿ ಬಡಿಯುತ್ತದೆ. ಎಲುಬು ಮುರಿದಿದೆಯೆಂದು ಹೆದರುವವರೂ ಉಂಟು. ಗಟ್ಟಿಯಾದ ಗೋಡೆಯೊಳಗೆ ಕೀವಿಗೆ ಹೊರಗೆ ಬರುವ ದಾರಿಯಿಲ್ಲದಿರುವುದೇ ಇಷ್ಟು ನೋವಿಗೆ ಕಾರಣ. ವೈದ್ಯರು ಸ್ಥಳವನ್ನು ಹುಡುಕಿ ದಾರಿಮಾಡಿಕೊಟ್ಟೊಡನೆ ಬಹುಮಟ್ಟಿಗೆ ಉಪಶಮನವಾಗುತ್ತದೆ. ಆಮೇಲೆ ಎಪ್ಸಮ್ ಉಪ್ಪು ಬೆರಸಿದ ಉಗುರುಬೆಚ್ಚಗಿನ ನೀರಿನಲ್ಲಿ ಕಾಲನ್ನು ನೆನೆಸಿ, ಒರಸಿ, ಶುದ್ಧವಾದ ಪಟ್ಟಿಯನ್ನು ಕಟ್ಟಿ, ಗಾಯ ಮುಚ್ಚುವವರೆಗೆ ಒಣನೆಲದಲ್ಲಿ ನಿಲ್ಲಿಸಬೇಕು.

೩. ಗೊರಸಿನೊಳಗಣ ಉರಿಯೂತ: ಇದು ಎಲ್ಲಕ್ಕಿಂತ ಭಯಂಕರವಾದದ್ದು. ಕಣದಲ್ಲಿ ಕಟ್ಟು ಬಿಚ್ಚಿಕೊಂಡ ಕುದುರೆ ಧಾನ್ಯದ ರಾಶಿಗೆ ಬಾಯಿ ಹಾಕಿದರೆ, ಮದುವೆಯ ಮನೆಯ ಅನ್ನ, ಬೆಲ್ಲಗಳನ್ನು ಪ್ರೀತಿಯಿಂದ ತಿನ್ನಿಸಿದರೆ, ಹೆಣ್ಣು ಕುದುರೆಗೆ ಈದ ಮೇಲೆ ಮಾಸು ಬೀಳದಿದ್ದರೆ, ಒಂದು ಕಾಲಿನ ನೋವಿನಿಂದ ಬಹುದಿನ ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ ಬಿದ್ದರೆ ಇದು ಬರಬಹುದು. ಮೊದಲು ಹೇಳಿದ ಪದರಗಳ ಹೆಣಿಗೆಯು ಸಡಿಲವಾಗಿ ಒಳಗಿನ ಎಲುಬು ಕೆಳಕ್ಕೆ ಜಾರತೊಡಗುತ್ತದೆ. ಕುದುರೆಯು ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಮ್ಮಡಿಗಳ ಮೇಲೆ ಹಾಕಿ, ಹಿಂದಕ್ಕೆ ಒರಗಿದಂತೆ ನಿಂತು, ತಿರುಗಲು ಒಪ್ಪುವುದಿಲ್ಲ. ನಡೆಸಿದರೆ ರಕ್ತ ಹರಿದು ಗುಣವಾಗುವುದೆಂಬ ಹಳೆಯ ನಂಬಿಕೆಯು ತಪ್ಪು. ನಡೆಸಿದಷ್ಟೂ ಹೆಣಿಗೆ ಹರಿಯುತ್ತದೆ. ಧಾನ್ಯವನ್ನು ಪೂರ್ತಿಯಾಗಿ ನಿಲ್ಲಿಸಿ, ಮೆತ್ತನೆಯ ದಪ್ಪ ಹಾಸಿನ ಮೇಲೆ ನಿಲ್ಲಿಸಿ, ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿ, ಅದು ದೊರೆಯದಿದ್ದರೆ ತಣ್ಣೀರಿನಲ್ಲಿ ಇಟ್ಟು, ಆ ಗಳಿಗೆಯಲ್ಲಿಯೇ ವೈದ್ಯರಿಗೆ ಹೇಳಿಕಳುಹಿಸಬೇಕು. ಧಾನ್ಯ ತಿಂದದ್ದು ಗೊತ್ತಾದರೆ ಕುಂಟು ಬರುವವರೆಗೆ ಕಾಯಲೇ ಕೂಡದು.

ಮೊಳೆ ನಾಟಿದಾಗ

ಮೊಳೆ ನಾಟಿದ್ದು ಕಂಡೊಡನೆ ಕಿತ್ತು ಎಸೆಯುವುದು ಸಹಜ. ಆದರೆ ವೈದ್ಯರು ಬೇಗನೆ ಬರುವಂತಿದ್ದರೆ ಅದನ್ನು ಹಾಗೆಯೇ ಬಿಟ್ಟು, ಮತ್ತಷ್ಟು ಒಳಕ್ಕೆ ಹೋಗದಂತೆ ಕುದುರೆಯನ್ನು ಅಲುಗಾಡಿಸದೆ ನಿಲ್ಲಿಸುವುದು ಉತ್ತಮ. ಅದು ಎತ್ತ ಹೋಗಿದೆ, ಎಷ್ಟು ಆಳ ಹೋಗಿದೆಯೆಂಬುದು ಅವರಿಗೆ ಕಾಣುತ್ತದೆ. ತೆಗೆಯಲೇಬೇಕಾಗಿ ಬಂದರೆ ನೇರವಾಗಿ ಎಳೆದು, ತೂತಿನ ಸ್ಥಳಕ್ಕೆ ಗುರುತುಮಾಡಿ, ಮೊಳೆಯನ್ನು ತೋರಿಸುವುದಕ್ಕಾಗಿ ಇಟ್ಟುಕೊಳ್ಳಬೇಕು. ಮೆತ್ತೆಯಲ್ಲಿ ಆದ ತೂತು ಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ. ಕೇಡು ಒಳಗೆ ಉಳಿಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಊಹಿಸಿಕೊಳ್ಳಬಹುದು. ಒಬ್ಬ ಜಮೀನುದಾರನು ಸಂತೆಯಿಂದ ಸಂಜೆ ಹಿಂತಿರುಗುತ್ತಾನೆ. ಲಾಯದ ಆಳು ಕುದುರೆಯು ಸ್ವಲ್ಪ ಕುಂಟುವುದನ್ನು ಕಂಡು, ಕಾಲೆತ್ತಿ, ಮೆತ್ತೆಯಲ್ಲಿದ್ದ ತುಕ್ಕುಹಿಡಿದ ಮೊಳೆಯನ್ನು ಕಿತ್ತು ಬಿಸಾಡುತ್ತಾನೆ. ಮರುದಿನ ಯಜಮಾನನು ತಾಲ್ಲೂಕು ಕಚೇರಿಗೆ ಹೋಗಬೇಕು. ಹಿಂದೊಮ್ಮೆ ಕುದುರೆ ಕುಂಟಿದ ವಿಷಯವನ್ನು ಹೇಳಿದುದಕ್ಕೆ ಆ ಆಳಿಗೆ ದೊರೆತದ್ದು ಬೈಗುಳ, ಒಂದು ದಿನದ ಕೂಲಿಯ ಕಡಿತ. ಆದುದರಿಂದ ಈ ಸಲ ಅವನು ಬಾಯಿಬಿಡುವುದಿಲ್ಲ. ಎರಡು ಮೂರು ದಿನಗಳಲ್ಲಿ ಕುಂಟು ಹೋಗುತ್ತದೆ. ಮೊಳೆಯ ವಿಷಯವನ್ನು ಆಳೂ ಮರೆಯುತ್ತಾನೆ. ಹತ್ತು ಹನ್ನೆರಡು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಕುದುರೆಯ ಕಿವಿಗಳು ಸೆಟೆದು ನಿಂತಿವೆ, ಬಾಲವು ಎತ್ತಿಹಿಡಿದಂತಿದೆ, ಕಣ್ಣಿನ ಒಳಮೂಲೆಯ ಪೊರೆಯು ಮುಂದಕ್ಕೆ ಸರಿದಿದೆ, ದವಡೆ ತೆರೆಯದು, ಸ್ವಲ್ಪ ಸದ್ದಾದರೂ ಮೈಯೆಲ್ಲ ಬಿಗಿಯುತ್ತದೆ. ಅದು ಧನುರ್ವಾಯು. ಆಗ ಎಷ್ಟು ಹಣವನ್ನು ಸುರಿದರೂ ಉಳಿಯುವ ಭರವಸೆ ಸ್ವಲ್ಪವೇ.

ಧನುರ್ವಾಯುವಿನ ಬೀಜವು ಮಣ್ಣಿನಲ್ಲಿಯೂ ಕುದುರೆಯ ಲದ್ದಿಯಲ್ಲಿಯೂ ಇರುತ್ತದೆ. ಸಾಕುಪ್ರಾಣಿಗಳಲ್ಲಿ ಕುದುರೆಯೇ ಅದಕ್ಕೆ ಎಲ್ಲಕ್ಕಿಂತ ಸುಲಭವಾಗಿ ತುತ್ತಾಗತಕ್ಕದ್ದು. ಆದರೆ ಇದನ್ನು ತಡೆಯುವ ಲಸಿಕೆಯುಂಟು. ಮೊದಲು ಕ್ರಮವಾಗಿ ಎರಡು ಸಲ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ಮುಂದುವರಿಸಿದರೆ ಇಂಥ ಮರಣವು ಬಹುತೇಕ ತಪ್ಪುತ್ತದೆ. ಗಾಯವಾದಾಗ ಹಿಂದಿನ ಲಸಿಕೆಯ ದಿನವನ್ನು ವೈದ್ಯರಿಗೆ ತಿಳಿಸಬೇಕು. ಲಾಯದಲ್ಲಿ ಕೆಲಸಮಾಡುವ ಜನರಿಗೂ ಇದೇ ಅಪಾಯವಿರುವುದರಿಂದ ಅವರಿಗೂ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸುವುದು ಯಜಮಾನನ ಧರ್ಮ.

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯನ್ನು ಇಂಥ ಸಮಯದಲ್ಲಿ ಹೇಳುವವರುಂಟು. ಮೇಲಿನ ಸಂಗತಿಯಲ್ಲಿ ಆಳು ಕಾಲನ್ನು ಎತ್ತಿ ನೋಡಿದನು, ಮೊಳೆಯನ್ನು ಕಂಡನು, ತೆಗೆದನು. ಬಾಯಿಬಿಡಲು ಮಾತ್ರ ಅವನಿಗೆ ಧೈರ್ಯವಿರಲಿಲ್ಲ. ಆ ಧೈರ್ಯವನ್ನು ಕೊಡಬೇಕಾದವನು ಯಜಮಾನನೇ. ಕೆಡುಕಿನ ಸುದ್ದಿಯನ್ನು ಮೊದಲನೆಯ ದಿನವೇ ತಂದವನಿಗೆ ಒಂದು ಒಳ್ಳೆಯ ಮಾತನ್ನಾಡಿದರೆ ಕುದುರೆ ಉಳಿಯುತ್ತದೆ. ವಾರಕ್ಕೊಮ್ಮೆಯಾದರೂ ಯಜಮಾನನು ತಾನೇ ಕೊಕ್ಕೆಯನ್ನು ಹಿಡಿದು ನಾಲ್ಕು ಕಾಲುಗಳನ್ನೂ ಎತ್ತಿ ನೋಡತಕ್ಕದ್ದು. ಆಗ ಆಳಿಗೂ ಇದು ಕೀಳು ಕೆಲಸವೆಂಬ ಭಾವನೆ ಹೋಗುತ್ತದೆ.

ಮೇವು

ಗೊರಸಿಗೆ ಹುಲ್ಲೇ ಮೂಲಾಧಾರ. ಹಸುರು ಹುಲ್ಲು, ಒಳ್ಳೆಯ ಒಣಹುಲ್ಲು, ಕೆಲಸಕ್ಕೆ ತಕ್ಕಷ್ಟು ಬೇಯಿಸಿದ ಹುರುಳಿ, ಸ್ವಲ್ಪ ಉಪ್ಪು, ಬೇಕಾದಷ್ಟು ಶುದ್ಧವಾದ ನೀರು, ಇವು ಸಾಕು. ತೌಡನ್ನೇ ಹೆಚ್ಚಾಗಿ ಹಾಕಿದರೆ ಸುಣ್ಣದ ಅಂಶವು ಸಾಲದೆ ಎಲುಬು ದುರ್ಬಲವಾಗುತ್ತದೆ. ಧಾನ್ಯದ ಪ್ರಮಾಣವನ್ನು ಬದಲಾಯಿಸುವಾಗ ಒಂದೇ ದಿನದಲ್ಲಿ ಬದಲಾಯಿಸದೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಾಯಿಸಬೇಕು. ಕೆಲಸವಿಲ್ಲದ ದಿನ ಧಾನ್ಯವನ್ನು ತಗ್ಗಿಸಬೇಕು.

ಗ್ರಾಮದ ಮುಖಂಡರು ಮಾಡಬಹುದಾದದ್ದು

ಮೋಟಾರು ವಾಹನಗಳು ಹೆಚ್ಚಿದಂತೆ ಹಳ್ಳಿಗಳಲ್ಲಿ ಕುದುರೆಗಳು ಕಡಿಮೆಯಾಗಿವೆ. ಅವುಗಳೊಡನೆ ಲಾಳ ಕಟ್ಟುವ ಕಸುಬನ್ನು ಬಲ್ಲವರೂ ಕಡಿಮೆಯಾಗಿದ್ದಾರೆ. ಒಂದು ಕುದುರೆಗಾಗಿ ದೂರದ ಊರಿನಿಂದ ಬರಲು ಅವರಿಗೆ ಗಿಟ್ಟುವುದಿಲ್ಲ. ಸುತ್ತಣ ನಾಲ್ಕೈದು ಗ್ರಾಮಗಳ ಮುಖಂಡರು ಕೂಡಿ, ಆರು ವಾರಗಳಿಗೊಮ್ಮೆ ಒಂದು ದಿನವನ್ನು ನಿಷ್ಕರ್ಷಿಸಿ, ಕುದುರೆಗಳನ್ನೂ ಲಾಳದ ಎತ್ತುಗಳನ್ನೂ ಒಂದೇ ಕಡೆ ಸೇರಿಸಿದರೆ ಕಸುಬಿನವನಿಗೆ ಸಂಪಾದನೆಯಾಗುತ್ತದೆ, ಸಾಕುವವರಿಗೆ ಅನುಕೂಲವಾಗುತ್ತದೆ. ಊರಿನ ಹುಡುಗರಲ್ಲಿ ಆಸಕ್ತರಾದ ಒಬ್ಬಿಬ್ಬರು ಅಂದು ಅವನ ಪಕ್ಕದಲ್ಲಿ ನಿಂತು ಕಲಿಯುವ ಏರ್ಪಾಡು ಮಾಡಿದರೆ ವಿದ್ಯೆಯೂ ಉಳಿಯುತ್ತದೆ.

ಎತ್ತಿನ ಗೊರಸು ಸೀಳುಗೊರಸಾದುದರಿಂದ ಒಂದು ಕಾಲಿಗೆ ಎರಡು ಲಾಳಗಳು ಬೇಕಾಗುವುವು. ಶುದ್ಧಿಯ ನಿಯಮಗಳು ಮಾತ್ರ ಒಂದೇ. ಕಾಲುಬಾಯಿ ಜ್ವರವು ಕುದುರೆಗೆ ತಗಲುವುದಿಲ್ಲ. ಆದರೂ ರೋಗವಿರುವ ಹಟ್ಟಿಯಲ್ಲಿ ಓಡಾಡಿದ ಕುದುರೆಯ ಗೊರಸಿಗೆ ಅಂಟಿದ ಕೊಳಕು ಆ ರೋಗವನ್ನು ಬೇರೆ ಹಟ್ಟಿಯ ದನಗಳಿಗೆ ಒಯ್ಯಬಹುದಾದುದರಿಂದ ಅಂಥ ಕಾಲದಲ್ಲಿ ಎಚ್ಚರ ಬೇಕು.

ಸಂತೆಯ ಮೈದಾನ, ಜಾತ್ರೆಯ ಚಪ್ಪರ, ಮನೆ ಕಟ್ಟುವ ಸ್ಥಳಗಳಲ್ಲಿ ಬಿದ್ದ ಮೊಳೆ, ತಂತಿ, ಗಾಜಿನ ಚೂರುಗಳನ್ನು ಆರಿಸಿ ಒಂದು ಕಡೆ ಹಾಕಿಸುವುದು ಮುಖಂಡರ ಒಂದು ಮಾತಿನಿಂದ ಆಗತಕ್ಕ ಕೆಲಸ. ಇದರಿಂದ ಕುದುರೆ, ಎತ್ತುಗಳಿಗೆ ಮಾತ್ರವಲ್ಲದೆ ಬರಿಗಾಲಿನ ಮಕ್ಕಳಿಗೂ ರಕ್ಷಣೆ.

ಸಾರಾಂಶ

೧. ದಿನಕ್ಕೆರಡು ಸಲ ಗೊರಸನ್ನು ಎತ್ತಿ, ಹಿಮ್ಮಡಿಯಿಂದ ಮುಂದಕ್ಕೆ ಕೆರೆದು, ಮುಟ್ಟಿ, ಮೂಸಿ ನೋಡುವುದು.

೨. ಲಾಯದ ನೆಲವನ್ನು ಒಣಗಿಸಿಡುವುದು.

೩. ಆರು ವಾರಗಳಿಗೊಮ್ಮೆ ಕತ್ತರಿಸಿ ಲಾಳವನ್ನು ಬದಲಾಯಿಸುವುದು ಅಥವಾ ಬಿಚ್ಚಿ ಮತ್ತೆ ಕಟ್ಟಿಸುವುದು.

೪. ಧನುರ್ವಾಯುವಿನ ಲಸಿಕೆಯನ್ನು ತಪ್ಪದೆ ಹಾಕಿಸಿ ದಿನವನ್ನು ಬರೆದಿಡುವುದು.

೫. ಕುಂಟು, ಬಿಸಿ, ದುರ್ವಾಸನೆ ಕಂಡ ದಿನವೇ ಕೆಲಸವನ್ನು ನಿಲ್ಲಿಸಿ ಪಶುವೈದ್ಯಶಾಲೆಗೆ ತಿಳಿಸುವುದು.

೬. ಸುದ್ದಿ ತಂದವನನ್ನು ಗದರಿಸದಿರುವುದು.

ಕುದುರೆಗೆ ಮಾತು ಬಾರದು. ಅದರ ಕಷ್ಟವನ್ನು ಅದು ಹೇಳುವುದು ಹೆಜ್ಜೆಯಿಂದ. ಆ ಹೆಜ್ಜೆಯನ್ನು ಮೊದಲು ಕೇಳತಕ್ಕವನು ಅದರ ಬೆನ್ನಿನಿಂದ ಪ್ರಯೋಜನವನ್ನು ಪಡೆಯುವವನು. ಈ ಸಭೆಯಿಂದ ಮನೆಗೆ ಹಿಂತಿರುಗಿದವರು ಊಟಕ್ಕೆ ಕುಳಿತುಕೊಳ್ಳುವ ಮೊದಲು ಲಾಯಕ್ಕೆ ಹೋಗಿ ಒಂದು ದೀಪವನ್ನು ಹಿಡಿಸಿ ನಾಲ್ಕು ಕಾಲುಗಳನ್ನೂ ಎತ್ತಿ ನೋಡಿದರೆ ಈ ಉಪನ್ಯಾಸದ ಉದ್ದೇಶವು ಸಫಲವಾಗುವುದು.